ಕುಂಭ ಇಲ್ಲದ ಮುಖಪುಟ

"ಮುಟ್ಟಬೇಡ ಅಣ್ಣ," ಎಂದಳು ನನ್ನ ತಂಗಿ.

ಅಷ್ಟರಲ್ಲಿ ಮುಟ್ಟಿ ಆಗಿತ್ತು. ಬೆರಳ ತುದಿಗೆ ನೀಲಿ ಹತ್ತಿಕೊಂಡಿತು. ಚಿತ್ರ ಇನ್ನೂ ಹಸಿಯಾಗಿತ್ತು.

ಬೆರಳನ್ನು ಕರವಸ್ತ್ರಕ್ಕೆ ಒರೆಸಿದೆ. ಅದನ್ನು ಕಂಡರೆ ನನ್ನ ಹೆಂಡತಿ ಮನೆಯಲ್ಲಿ ಬೇರೆಯೇ ತನಿಖೆ ಶುರುಮಾಡುತ್ತಾಳೆ, ಆ ಮಾತು ಹಾಗಿರಲಿ. ಸದ್ಯಕ್ಕೆ ನನ್ನ ತಲೆ ತಿನ್ನುತ್ತಿದ್ದದ್ದು ಒಂದೇ ವಿಷಯ. ಈ ಚಿತ್ರದ ಗೆರೆ, ಕಾಗದ, ಬಣ್ಣ ಎಲ್ಲವೂ ಬಣ್ಣದಕ್ಕನವು. ಬಣ್ಣದಕ್ಕ ಕಳೆದ ತಿಂಗಳೇ ಮಣ್ಣು ಸೇರಿದ್ದಾಳೆ.

ಈ ಮಾಸಪತ್ರಿಕೆಗೆ ಮುಖಪುಟ ಬರೆಯುತ್ತಿದ್ದ ಅವಳು ಇದೇ ಕಟ್ಟಡದ ತಾರಸಿಯಿಂದ ಬಿದ್ದು ಸತ್ತಿದ್ದಳು. ಅಮ್ಮ ತಾನಾಗಿ ಹಾರಿದಳೋ ಇಲ್ಲವೋ ಪತ್ತೆಮಾಡಿಕೊಡಿ ಎಂದು ಅವಳ ಮಗಳು ನನ್ನ ಬೆನ್ನು ಬಿದ್ದಿದ್ದಳು.

ನಾನು ವಿಮೆ ಕಂಪನಿಯಲ್ಲಿ ಸುಳ್ಳು ಸಾವುಗಳನ್ನು ಹಿಡಿದುಕೊಟ್ಟು ನಿವೃತ್ತನಾದವನು. ಸತ್ತವರು ಎದ್ದು ಬಂದದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಬಣ್ಣದಕ್ಕನ ದೇಹವನ್ನು ನಾನೇ ಕಣ್ಣಾರೆ ನೋಡಿದ್ದೆ. ಅವಳು ಎದ್ದು ಬರುವ ಪೈಕಿ ಆಗಿರಲಿಲ್ಲ.

"ಬಾಗಿಲು ಹಾಕಿತ್ತಾ?" ಎಂದು ಕೇಳಿದೆ.

"ಹಾಕಿತ್ತು, ಬೀಗ ಇರಲಿಲ್ಲ. ಪತ್ರಿಕೆ ಯಜಮಾನರ ಹತ್ರ ಮಾತಾಡೋಕೆ ಕೆಳಗೆ ಹೋಗಿದ್ದೆ. ವಾಪಸ್ ಬಂದ್ರೆ ಇದು ಮೇಜಿನ ಮೇಲಿತ್ತು."

ತಂಗಿ ಈ ಪತ್ರಿಕೆಯ ಸಂಪಾದಕಿ. ಯಾರ ಕಥೆಯಲ್ಲಾದರೂ ದೆವ್ವ ಬಂದರೆ ಕೆಂಪು ಶಾಯಿಯಲ್ಲಿ ಗೀಟು ಎಳೆದು ಬಿಸಾಡುವವಳು. ಈಗ ಅವಳೇ ಕುರ್ಚಿಯನ್ನು ಗೋಡೆಗೆ ತಾಗುವಷ್ಟು ಹಿಂದಕ್ಕೆ ಎಳೆದುಕೊಂಡು ಕೂತಿದ್ದಳು.

"ಯಾರಾದ್ರೂ ಒಳಗೆ ಬಂದದ್ದು ನೋಡಿದ್ರಾ?"

"ಕರಡು ಮೇಷ್ಟ್ರು ನೋಡ್ಲಿಲ್ಲ. ಆದ್ರೆ ಕೇಳಿಸಿಕೊಂಡ್ರಂತೆ."

ಕರಡು ಮೇಷ್ಟ್ರು ಅಂದರೆ ಪಕ್ಕದ ಕೋಣೆಯಲ್ಲಿ ಕೂತು ಅಚ್ಚಿನ ತಪ್ಪು ತಿದ್ದುವವರು. ರಾಶಿಭವಿಷ್ಯದ ಅಂಕಣವನ್ನೂ ಅವರೇ ಬರೆಯುತ್ತಾರೆ ಎಂಬುದು ಈ ಕಚೇರಿಯ ಬಹಿರಂಗ ಗುಟ್ಟು. ಹೆಸರು ಎತ್ತಿದ್ದೇ ತಡ, ಬಾಗಿಲಲ್ಲಿ ಅವರ ಕನ್ನಡಕ ಇಣುಕಿತು.

"ಹೆಜ್ಜೆ ಸಪ್ಪಳ ಸಾರ್. ಬರಿಗಾಲಿನ ಹೆಜ್ಜೆ. ಅವರೂ ಬಣ್ಣ ಹಚ್ಚೋವಾಗ ಚಪ್ಪಲಿ ಬಿಡ್ತಿದ್ರು. ಆಮೇಲೆ ಲವಂಗದ ವಾಸನೆ ಬಂತು. ನಾನು ತಲೆ ಎತ್ತಲಿಲ್ಲ."

"ಯಾಕೆ ಎತ್ತಲಿಲ್ಲ?"

"ಎತ್ತಿ ನೋಡಿ, ಅವರೇ ಆಗಿದ್ರೆ?"

ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಸಾರ್, ನಿಮ್ಮದು ಯಾವ ರಾಶಿ?" ಎಂದರು.

"ಕುಂಭ."

ಅವರು ಮೇಜಿನ ಮೇಲಿದ್ದ ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು. "ನಾನಂತೂ ಈ ತಿಂಗಳು ನಿಮಗೆ ಒಳ್ಳೇದೇ ಬರೆದಿದ್ದೆ," ಎಂದು ತಮ್ಮ ತಪ್ಪೇನೂ ಇಲ್ಲ ಎನ್ನುವ ಹಾಗೆ ಹೇಳಿ ಹೊರಟುಹೋದರು.

ಲವಂಗದ ವಾಸನೆ ಸುಳ್ಳಲ್ಲ. ಚಿತ್ರದ ಹತ್ತಿರ ಬಗ್ಗಿದರೆ ಈಗಲೂ ಮೂಗಿಗೆ ಬಡಿಯುತ್ತಿತ್ತು. ಬಣ್ಣದಕ್ಕ ಕಲಸಿಟ್ಟ ಬಣ್ಣಕ್ಕೆ ಬೂಸ್ಟು ಹಿಡಿಯದಿರಲಿ ಎಂದು ಒಂದು ತೊಟ್ಟು ಲವಂಗದೆಣ್ಣೆ ಬಿಡುತ್ತಿದ್ದಳು. ಅವಳು ನಡೆದುಹೋದರೆ ಹಲ್ಲಿನ ಡಾಕ್ಟರು ನಡೆದುಹೋದ ಹಾಗಿರುತ್ತದೆ ಎಂದು ತಂಗಿ ಆಗಾಗ ರೇಗಿಸುತ್ತಿದ್ದಳು. ಇವತ್ತು ಅವಳಿಗೆ ಆ ತಮಾಷೆ ನೆನಪಾದಂತೆ ಕಾಣಲಿಲ್ಲ.

ಇಲ್ಲಿ ಈ ರಾಶಿ ಮುಖಪುಟಗಳ ವಿಷಯ ಸ್ವಲ್ಪ ಹೇಳಬೇಕು. ವರ್ಷವಿಡೀ ತಿಂಗಳಿಗೊಂದು ರಾಶಿಯನ್ನು ಮುಖಪುಟ ಮಾಡೋಣ ಎಂದದ್ದು ತಂಗಿ. ಎಲ್ಲರೂ ಟಗರು, ಹೋರಿ, ಸಿಂಹ ಬರುತ್ತವೆ ಎಂದುಕೊಂಡಿದ್ದರು. ಬಣ್ಣದಕ್ಕ ಒಂದನ್ನೂ ಬರೆಯಲಿಲ್ಲ. "ರಾಶಿ ಪುಟದ ಮೇಲೆ ಕೂತಿರಬಾರದು, ಬಂದು ಹೋಗಿರಬೇಕು," ಎಂದಳಂತೆ.

ಹಾಗಾಗಿ ಮೇಷಕ್ಕೆ ಅವಳು ಬರೆದದ್ದು ಮುಳ್ಳುತಂತಿಗೆ ಸಿಕ್ಕಿಕೊಂಡ ಒಂದು ಹಿಡಿ ಉಣ್ಣೆ. ಸಿಂಹಕ್ಕೆ ಒಂದು ಮೆತ್ತೆ ಕುರ್ಚಿ. ಅದರ ಕೈಗಳು ಹರಿದಿದ್ದವು, ಯಾರೋ ಈಗಷ್ಟೇ ಎದ್ದುಹೋದಂತೆ ಮೆತ್ತೆ ಕುಳಿಬಿದ್ದಿತ್ತು. ವೃಶ್ಚಿಕಕ್ಕೆ ನೆಲದ ಮೇಲೆ ಬೋರಲು ಹಾಕಿದ ಒಂದು ಬೂಟು, ಅಷ್ಟೇ. ಆ ಸಂಚಿಕೆಯನ್ನು ಮಗುಚಿ ಇಟ್ಟು ಮಲಗುತ್ತೇವೆ ಎಂದು ಓದುಗರು ಬರೆದಿದ್ದರು. ನನ್ನ ಹೆಂಡತಿಯಂತೂ ಅದನ್ನು ಬಚ್ಚಲಿನ ಹೊರಗೆ ಹಳೇ ಪೇಪರಿನ ಕೆಳಗೆ ಸೇರಿಸಿಬಿಟ್ಟಳು.

ಒಂದು ಮುಖಪುಟ ಕೊಟ್ಟ ದಿನವೇ ಮುಂದಿನದಕ್ಕೆ ಕೈಹಾಕುವುದು ಅವಳ ಕ್ರಮ. ಅದರಲ್ಲಿ ಒಮ್ಮೆಯೂ ತಪ್ಪಿದವಳಲ್ಲ. ಆದರೆ ಸಾಯುವ ದಿನ ಮಕರ ಕೊಟ್ಟಿದ್ದಳು, ಕುಂಭಕ್ಕೆ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಮೇಜು ಒರೆಸಿ ಚೊಕ್ಕವಾಗಿಟ್ಟಿತ್ತು. ಪೊಲೀಸರು ಅದನ್ನೇ ಹಿಡಿದುಕೊಂಡು, ಹೋಗುವ ಮನಸ್ಸು ಮಾಡಿಯೇ ಹೋಗಿದ್ದಾರೆ ಎಂದು ಷರಾ ಬರೆದು ಕೈತೊಳೆದುಕೊಂಡರು.

ಮಗಳಿಗೆ ಆ ಮಾತು ಎದೆಯಲ್ಲಿ ಕೂತುಬಿಟ್ಟಿತ್ತು. ಹಿಂದಿನ ದಿನವೇ ಅವಳು ಹಾಸ್ಟೆಲ್‌ನಿಂದ ಫೋನ್ ಮಾಡಿ, ಓದು ಬಿಡುತ್ತೇನೆ ಎಂದು ತಾಯಿಯ ಜೊತೆ ದೊಡ್ಡ ಜಗಳ ಆಡಿದ್ದಳು. ಬಾಯಿಗೆ ಬಂದದ್ದು ಅಂದಿದ್ದಳು. ಅಮ್ಮ ಹಾರಿದ್ದರೆ ಅದಕ್ಕೆ ಕಾರಣ ತಾನೇ ಎಂದು ಆ ಹುಡುಗಿ ಊಟ, ನಿದ್ದೆ ಬಿಟ್ಟಿದ್ದಳು.

"ಅವಳಿಗೆ ಇದನ್ನ ತೋರಿಸಿದ್ಯಾ?" ಎಂದು ತಂಗಿಯನ್ನು ಕೇಳಿದೆ.

"ಇಲ್ಲ. ಅಮ್ಮನ ಸಾಮಾನು ತಗೊಂಡು ಹೋಗೋಕೆ ಬೆಳಗ್ಗೇನೇ ಬಂದಿದಾಳೆ. ಮೇಲೆ ಚಿತ್ರದ ಕೋಣೇಲಿ ಇರಬೇಕು. ನೀನು ಇದೇನು ಅಂತ ಮೊದಲು ಹೇಳು, ಆಮೇಲೆ ಅವಳಿಗೆ ಹೇಳೋಣ. ಮೊದಲೇ ಆ ಮಗು ಅರ್ಧ ಆಗಿದೆ."

ನಾನು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಕುಂಭದಲ್ಲಿ ಕುಂಭ ಇರಲಿಲ್ಲ. ಒಂದು ಸಿಮೆಂಟಿನ ಕಟ್ಟೆ. ಕಟ್ಟೆಯ ಮೇಲೆ ಕೊಡ ಇಟ್ಟು ತೆಗೆದಾಗ ಉಳಿಯುವ ಒದ್ದೆ ವೃತ್ತ. ಅಲ್ಲಿಂದ ನೀರು ಕಟ್ಟೆಯ ಆಚೆ ಬದಿಗೆ ಹರಿದು ಕೆಳಗೆ ಇಳಿಯುತ್ತಿತ್ತು. ಆಚೆ ಬದಿಯಲ್ಲಿ ನೆಲ ಇರಲಿಲ್ಲ, ಬರೀ ಕಡುನೀಲಿ.

ಮತ್ತೆ ಒಂದು ಕೈ. ಎಡ ಅಂಚಿನಿಂದ ಮೊಣಕೈವರೆಗೆ ಒಳಗೆ ಬಂದು, ಕಟ್ಟೆಯನ್ನು ದಾಟಿ, ಆ ನೀಲಿಯ ಮೇಲೆ ಚಾಚಿಕೊಂಡಿತ್ತು. ಬೆರಳುಗಳು ಅರ್ಧ ಬಿಚ್ಚಿದ್ದವು.

ಆ ಕಟ್ಟೆ ನನಗೆ ಗೊತ್ತಿದ್ದ ಕಟ್ಟೆ. ತಾರಸಿಯ ಅಂಚಿನಲ್ಲಿ ಅದರ ಪಕ್ಕ ನಿಂತು ನಾನು ಎಷ್ಟು ಸಲ ಕೆಳಗೆ ನೋಡಿದ್ದೆನೋ. ಅಲ್ಲಿಂದ ಬಿದ್ದದ್ದು ಕೊಡವಲ್ಲ.

"ತಳ್ಳಿದ ಕೈ," ಎಂದೆ.

ತಂಗಿ ಮುಖ ಮುಚ್ಚಿಕೊಂಡಳು. "ಅವಳೇ ಹೇಳ್ತಿದಾಳೆ ಅಣ್ಣ. ತಾನು ಹಾರಲಿಲ್ಲ ಅಂತ."

"ಸತ್ತವರು ಹೇಳೋದಾದ್ರೆ ನಮ್ಮ ಕಂಪನಿ ನನಗೆ ಸಂಬಳ ಯಾಕೆ ಕೊಡ್ತಿತ್ತು?" ಎಂದೆ. ಆದರೆ ನನ್ನ ದನಿ ನನಗೇ ನಂಬಿಕೆ ಬರುವಂತೆ ಇರಲಿಲ್ಲ.

ತಂಗಿಯ ಹಿಂದಿನ ಗೋಡೆಯಲ್ಲಿ ಹಳೆಯ ಮುಖಪುಟಗಳ ಮೂಲಚಿತ್ರಗಳನ್ನು ಸಾಲಾಗಿ ಸಿಕ್ಕಿಸಿತ್ತು. ಕೊನೆಯದು ಮಕರ: ನದಿಯ ಮೆಟ್ಟಿಲ ಮೇಲೆ ಯಾರೋ ಬಿಟ್ಟ ಒಂದು ಜೊತೆ ಚಪ್ಪಲಿ, ನೀರಿನ ಕಡೆಯಿಂದ ಬಂದು ನೀರಿಗೇ ವಾಪಸಾದ ಒದ್ದೆ ಜಾಡು. ಕುಂಭವನ್ನು ಅದರ ಪಕ್ಕ ಹಿಡಿದೆ. ಗೆರೆಯ ಧಾಟಿ ಒಂದೇ, ಸರಿ. ಆದರೂ ಏನೋ ಕಣ್ಣಿಗೆ ಚುಚ್ಚಿತು. ಮಕರದಿಂದ ಹಿಂದಕ್ಕೆ ಮೇಷದವರೆಗೆ ನೋಡುತ್ತಾ ಹೋದೆ.

ಎಲ್ಲ ಚಿತ್ರಗಳಲ್ಲೂ ಮೇಲ್ಭಾಗ ಖಾಲಿ. ಕುಂಭದಲ್ಲಿ ಮೇಲ್ಭಾಗದ ಜೊತೆ ಎಡಗಡೆಯೂ, ಆ ಕೈ ಹಾದುಬಂದ ಕಡೆ ಬಿಟ್ಟು, ಮೇಲಿಂದ ಕೆಳಗಿನವರೆಗೆ ಒಂದು ಪಟ್ಟಿಯಷ್ಟು ಜಾಗ ಬಿಳಿಯಾಗಿ ಉಳಿದಿತ್ತು.

"ಮೇಲೆ ಯಾಕೆ ಖಾಲಿ ಬಿಡ್ತಾರೆ?"

"ಪತ್ರಿಕೆ ಹೆಸರು ಅಚ್ಚು ಹಾಕೋಕೆ. ಮುಖಪುಟ ಬರೆಯೋರು ಮೊದಲು ಬಿಡೋದೇ ಆ ಜಾಗ. ಎಷ್ಟೇ ಚೆನ್ನಾಗಿರೋ ಚಿತ್ರ ಆದ್ರೂ ಅಲ್ಲಿ ಕೈ ಆಡಿಸೋ ಹಾಗಿಲ್ಲ."

"ಎಡಗಡೆ ಯಾಕೆ ಬಿಡ್ತಾರೆ?"

"ಎಡಗಡೆ ಯಾರೂ ಬಿಡಲ್ಲ," ಎಂದವಳು ಥಟ್ಟನೆ ಎದ್ದು ನಿಂತಳು. ಕುರ್ಚಿ ಗೋಡೆಗೆ ಬಡಿಯಿತು. "ಅಣ್ಣ, ಹೊಸ ವರ್ಷದ ಸಂಚಿಕೆಯಿಂದ ಹೆಸರನ್ನ ಎಡಗಡೆ ಮೇಲಿಂದ ಕೆಳಗೆ ನಿಲ್ಲಿಸ್ತಿದೀವಿ. ಅಕ್ಷರ ಒಂದರ ಕೆಳಗೊಂದು."

"ಅದು ಯಾವಾಗ ತೀರ್ಮಾನ ಆಯ್ತು?"

"ಅವಳು ಹೋದಮೇಲೆ. ಹೋದ ವಾರ."

"ಯಾರ್ಯಾರಿಗೆ ಗೊತ್ತು?"

"ನನಗೆ, ಯಜಮಾನರಿಗೆ, ಸ್ಕೇಲಿಗೆ. ಬೇರೆ ಯಾರಿಗೂ ಹೇಳಿಲ್ಲ. ಮೇಷ್ಟ್ರಿಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ."

ನನಗೆ ಜೀವ ಬಂದಂತಾಯಿತು. ಪ್ರೇತಕ್ಕೆ ಗೋಡೆ ದಾಟಿ ಬರುವುದು ಗೊತ್ತಿರಬಹುದು. ಕಳೆದ ವಾರ ಮೂರು ಜನ ಬಾಗಿಲು ಹಾಕಿಕೊಂಡು ಮಾಡಿದ ತೀರ್ಮಾನದಂತೆ ಅಳತೆ ಹಿಡಿದು ಜಾಗ ಬಿಡುವಷ್ಟು ಶಿಸ್ತು ಅದಕ್ಕೆ ಇರಲಾರದು.

ಯಜಮಾನರಿಗೆ ಸಹಿ ಬಿಟ್ಟು ಬೇರೆ ಗೆರೆ ಎಳೆದು ಗೊತ್ತಿಲ್ಲ. ನನ್ನ ತಂಗಿ ಶಾಲೆಯಲ್ಲಿ ಬರೆದ ನವಿಲನ್ನು ಟೀಚರು ಪೊರಕೆ ಎಂದುಕೊಂಡಿದ್ದರು. ಉಳಿದವನು ಒಬ್ಬನೇ.

ಸ್ಕೇಲು ಎಂದರೆ ಈ ಪತ್ರಿಕೆಯ ಪುಟ ಜೋಡಿಸುವವನು. ಅಂಗಿಯ ಜೇಬಿನಲ್ಲಿ ಸದಾ ಒಂದು ಉಕ್ಕಿನ ಸ್ಕೇಲು ಸಿಕ್ಕಿಸಿಕೊಂಡಿರುತ್ತಾನೆ, ಅದರಿಂದ ಬಂದ ಹೆಸರು. ಬಣ್ಣದಕ್ಕ ಬೀಳುವ ಹೊತ್ತಿನಲ್ಲಿ ಎಲ್ಲಿದ್ದೆ ಎಂದು ಹಿಂದೊಮ್ಮೆ ಕೇಳಿದಾಗ ಅವನು ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. ನಾನು ಅದನ್ನು ಮರೆತಿರಲಿಲ್ಲ.

ಹಜಾರದ ಕೊನೆಯ ಕೋಣೆ ಅವನದು. ಕಿಟಕಿಗೆ ಕಪ್ಪು ಕಾಗದ ಅಂಟಿಸಿತ್ತು. ಕೆಳಗಿನಿಂದ ಬೆಳಕು ಬಿಡುವ ಗಾಜಿನ ಮೇಜಿನ ಮುಂದೆ ಅವನು ಬಗ್ಗಿ ಕೂತಿದ್ದ. ಬೆಳಕು ಗಲ್ಲದ ಕೆಳಗಿನಿಂದ ಬಿದ್ದು ಅವನ ಕಣ್ಣುಗಳು ಎರಡು ಗುಳಿಗಳಾಗಿ ಕಾಣುತ್ತಿದ್ದವು.

ನಾನು ಚಿತ್ರವನ್ನು ಆ ಗಾಜಿನ ಮೇಲೆ ಇಟ್ಟೆ. ಕೆಳಗಿನ ಬೆಳಕು ಕಾಗದವನ್ನು ತೂರಿ ಬಂತು. ಒದ್ದೆ ವೃತ್ತ ಹೊಳೆಯಿತು. ಕೈ ಮಾತ್ರ ಕಪ್ಪಗೆ ನಿಂತಿತು.

ಸ್ಕೇಲು ಅದನ್ನು ನೋಡಿ ಕೂತಲ್ಲೇ ಕಲ್ಲಾದ.

"ಬಾಗಿಲು ಹಾಕಿಬಿಡಿ ಸಾರ್," ಎಂದ ಕೊನೆಗೆ.

"ಹಾಕಿದೀನಿ. ಇದನ್ನ ನೀನು ಬರೆದೆ."

"ಇಲ್ಲ ಸಾರ್."

"ಎಡಗಡೆ ಜಾಗ ಯಾರಿಗೆ ಬಿಟ್ಟಿದೀಯ? ಬಣ್ಣದಕ್ಕ ಸತ್ತಮೇಲೆ ಹೆಸರು ಅಲ್ಲಿಗೆ ಬಂತು. ಅವಳಿಗೆ ಯಾರು ಹೋಗಿ ಹೇಳಿದ್ರು?"

ಅವನ ಕೈ ತಾನಾಗಿಯೇ ಜೇಬಿನ ಸ್ಕೇಲಿಗೆ ಹೋಯಿತು. ಅದನ್ನು ತೆಗೆದು ಬಿಳಿ ಪಟ್ಟಿಯ ಮೇಲಿಟ್ಟ. ಅಳೆಯುವ ಅಗತ್ಯವೇ ಇರಲಿಲ್ಲ, ಪಟ್ಟಿ ಸ್ಕೇಲಿನ ಅಗಲಕ್ಕೆ ಸರಿಯಾಗಿತ್ತು.

"ದಿನಾ ಅದೇ ಅಳತೇಲಿ ಪುಟ ಕಟ್ತಾ ಇದೀನಿ ಸಾರ್. ಮೇಲೆ ಬಿಡಬೇಕು, ಮೇಲೆ ಬಿಡಬೇಕು ಅಂತ ನೆನಪು ಮಾಡ್ಕೊಂಡೇ ಬರೆದೆ. ಮೇಲೂ ಬಿಟ್ಟೆ. ಕೈ ಸುಮ್ಮನಿರಲಿಲ್ಲ, ಎಡಗಡೇನೂ ಬಿಟ್ಟುಬಿಡ್ತು."

"ಯಾಕೆ ಬರೆದೆ?"

"ಮಗಳಿಗೋಸ್ಕರ."

ನಾನು ಸುಮ್ಮನೆ ನಿಂತೆ. ಸುಮ್ಮನೆ ನಿಂತರೆ ಜನ ಹೇಳುತ್ತಾರೆ, ಇದು ಕಂಪನಿಯಲ್ಲಿ ಕಲಿತ ವಿದ್ಯೆ.

"ಹೋದ ವಾರ ಬಂದಿದ್ಲು ಸಾರ್. ಅಣ್ಣ, ಅಮ್ಮ ಕುಂಭಕ್ಕೆ ಕೈ ಹಾಕಿದ್ಲಾ, ನಿಜ ಹೇಳು ಅಂದ್ಲು. ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಏನೋ ಬರೀತಿದ್ರು, ಹುಡುಕಿ ಕೊಡ್ತೀನಿ ಅಂದೆ. ಇವತ್ತು ಬೆಳಗ್ಗೆ ಬೇಗ ಬಂದು ಅಕ್ಕನ ಬಣ್ಣದಲ್ಲೇ ಬರೆದು, ಅಕ್ಕನ ಕೋಣೇಲೇ ಒಣಗೋಕೆ ಹಾಕಿ ಟೀಗೆ ಹೋದೆ. ಒಣಗಿದ ಮೇಲೆ ಅವರ ಡ್ರಾಯರಿನ ತಳದಲ್ಲಿ ಇಡೋಣ, ಅವಳೇ ಹುಡುಕಿ ತೆಗೀಲಿ ಅಂತ. ಬಂದು ನೋಡಿದ್ರೆ ಇಲ್ಲ."

"ಸಂಪಾದಕಿ ಮೇಜಿನ ಮೇಲೆ ಇಟ್ಟದ್ದು ನೀನಲ್ಲ?"

"ನಾನ್ಯಾಕೆ ಇಡ್ಲಿ? ಸಿಕ್ಕಿಬೀಳೋಕಾ?"

"ಅವಳು ಬಿದ್ದಾಗ ಎಲ್ಲಿದ್ದೆ ಅಂತ ಕೇಳಿದ್ರೆ ಯಾಕೆ ತಡವರಿಸಿದೆ?"

ಅವನು ತಲೆ ತಗ್ಗಿಸಿದ. "ಬೇರೆ ಪತ್ರಿಕೆಗೆ ಕೆಲಸ ಕೇಳೋಕೆ ಹೋಗಿದ್ದೆ ಸಾರ್. ಅಕ್ಕ ಇರೋವಾಗಲೇ ಅಕ್ಕನ್ನ ಬಿಟ್ಟು ಹೋಗೋಕೆ ನೋಡಿದೆ ಅಂತ ಹೇಗೆ ಹೇಳ್ಲಿ? ಬೇಕಾದ್ರೆ ಆ ಪತ್ರಿಕೆಯವರನ್ನೇ ಕೇಳಿ."

ಅವನ ಕಣ್ಣಲ್ಲಿ ನೀರು ತುಂಬಿತ್ತು. ನನಗೆ ಕನಿಕರ ಬಂತು, ಅದರ ಜೊತೆಗೆ ಸಿಟ್ಟೂ ಬಂತು. ಒಳ್ಳೆಯ ಮನಸ್ಸಿನವರು ಸಾಕ್ಷ್ಯಕ್ಕೆ ಕೈಹಾಕಿದರೆ ಕಳ್ಳರಿಗಿಂತ ಹೆಚ್ಚು ಕೆಡಿಸುತ್ತಾರೆ.

"ಮಗಳಿಗೆ ಸಮಾಧಾನ ಆಗಲಿ ಅಂತ ಬರೆದೋನು ಇಂಥ ಕೈ ಯಾಕೆ ಬರೆದೆ? ತಾಯಿನ ಯಾರೋ ತಳ್ಳಿದ ಹಾಗೆ?"

ಸ್ಕೇಲು ತಲೆ ಎತ್ತಿದ.

"ಅದನ್ನೇ ನಿಮ್ಮನ್ನ ಕೇಳೋಣ ಅಂತಿದ್ದೆ ಸಾರ್. ಆ ಕೈ ನಾನು ಬರೆದದ್ದಲ್ಲ."

ಗಾಜಿನ ಕೆಳಗಿನ ದೀಪ ಸಣ್ಣಗೆ ಗುಂಯ್‌ಗುಡುತ್ತಿತ್ತು. ಇಷ್ಟು ಹೊತ್ತು ಅದು ನನ್ನ ಕಿವಿಗೆ ಬಿದ್ದಿರಲಿಲ್ಲ.

"ನಾನು ಬರೆದದ್ದು ಬಾವಿ ಕಟ್ಟೆ," ಎಂದ ಅವನು. "ಬಾವಿ ಕಟ್ಟೆ, ಕೊಡ ಇಟ್ಟ ಗುರುತು, ಹರಿಯೋ ನೀರು. ಅಷ್ಟೇ. ಅಕ್ಕನ ಮುಖಪುಟದಲ್ಲಿ ಯಾವತ್ತಾದ್ರೂ ಮನುಷ್ಯರು ಬಂದಿದಾರಾ? ನನಗೆ ಅಷ್ಟೂ ಗೊತ್ತಿಲ್ವಾ?"

"ಮಾತು ಬದಲಾಯಿಸ್ತಿದೀಯ."

"ಇಲ್ಲಿ ನೋಡಿ ಸಾರ್." ಅವನು ಸ್ಕೇಲನ್ನು ಮತ್ತೆ ಎಡಗಡೆಯ ಪಟ್ಟಿಯ ಮೇಲೆ ಇಟ್ಟ. ಉಕ್ಕಿನ ಅಂಚು ಆ ಕೈಯನ್ನು ಮಣಿಕಟ್ಟಿನ ಹತ್ತಿರ ಕತ್ತರಿಸಿತು. "ಹೆಸರು ಬರೋದು ಇಲ್ಲಿ. ಕೈ ಬಂದಿರೋದೂ ಇಲ್ಲಿಂದಲೇ. ನಾನು ಬಿಟ್ಟ ಜಾಗದ ಮೇಲೆ ನಾನೇ ಕೈ ಬರೀತೀನಾ? ಅಚ್ಚಾದ್ರೆ ಕೈ ಹೋಗಿ ಬರೀ ಬೆರಳು ಉಳಿಯತ್ತೆ."

ಇವನನ್ನು ಹಿಡಿದುಕೊಟ್ಟ ಜಾಗವೇ ಇವನನ್ನು ಬಿಡಿಸುತ್ತಿತ್ತು. ಪಟ್ಟಿ ಬಿಟ್ಟವನು ಒಬ್ಬ. ಆ ಪಟ್ಟಿ ಯಾಕೆ ಇದೆ ಎಂದು ಗೊತ್ತಿಲ್ಲದೆ ಅದರ ಮೇಲೆ ಕೈ ಬರೆದವರು ಇನ್ನೊಬ್ಬರು. ನನ್ನ ಕಣ್ಣೆದುರೇ ಇದ್ದದ್ದು ನನಗೆ ಹೊಳೆದಿರಲಿಲ್ಲ.

"ಮೇಲೆ ನೋಡಿ," ಎಂದ ಅವನು. ಈಗ ಅವನಿಗೇ ಭಯವಾಗುತ್ತಿತ್ತು, ಆದರೂ ನಿಲ್ಲಿಸಲಾಗುತ್ತಿರಲಿಲ್ಲ. "ಕೈ ಎತ್ತರಕ್ಕೆ ಹೋಗಬಹುದಿತ್ತು. ಹೋಗಿಲ್ಲ. ತೋಳನ್ನ ತಗ್ಗಿಸಿ ತಗ್ಗಿಸಿ ಮೇಲಿನ ಜಾಗ ಉಳಿಸಿದಾರೆ. ಇದನ್ನ ಬರೆದೋರಿಗೆ ಹಳೇ ಕ್ರಮ ಗೊತ್ತು, ಹೊಸದು ಗೊತ್ತಿಲ್ಲ. ಮೇಲೆ ಮುಟ್ಟಬೇಡ, ಅದು ಹೆಸರಿನ ಜಾಗ ಅಂತ ಅಕ್ಕ ತಲೆ ಮೇಲೆ ಮೊಟಕಿ ಕಲಿಸ್ತಿದ್ರು."

"ಯಾರಿಗೆ ಕಲಿಸಿದ್ರು?"

"ಇಬ್ಬರಿಗೇ ಸಾರ್. ಒಂದು ನನಗೆ."

ಅಲ್ಲಿಗೆ ನಿಲ್ಲಿಸಿದ. ಎರಡನೆಯವರು ಯಾರೆಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಅವನು ಸ್ಕೇಲಿನ ತುದಿಯನ್ನು ಚಿತ್ರದ ಬೆರಳುಗಳ ಮೇಲಿಟ್ಟ.

"ನೀವು ತಳ್ಳಿದ ಕೈ ಅಂದ್ರಿ. ನನಗೆ ಹಾಗೆ ಕಾಣಲ್ಲ. ಏನೋ ಜಾರಿಹೋದಾಗ ಹಿಡಿಯೋಕೆ ಹೋದ ಕೈ ಥರ ಇದೆ."

ಮತ್ತೆ ನೋಡಿದೆ. ಅರ್ಧ ಬಿಚ್ಚಿದ ಬೆರಳುಗಳು. ಕೊಡ ಹೋಗಿಯಾಗಿತ್ತು, ಕೈ ಹಾಗೇ ಉಳಿದಿತ್ತು. ಒಂದು ಸಲ ನೋಡಿದರೆ ತಳ್ಳಿದ ಕೈ, ಕಣ್ಣು ಮಿಟುಕಿಸಿ ನೋಡಿದರೆ ಹಿಡಿಯಲು ಹೋದ ಕೈ. ಅದನ್ನು ಬರೆದವರಿಗೂ ಯಾವುದೆಂದು ಗೊತ್ತಿರಲಿಲ್ಲವೇನೋ ಅನಿಸಿತು.

ಹುಡುಗಿ ಮೇಲೆ ಒಬ್ಬಳೇ ಇದ್ದಾಳೆ ಎಂದು ನೆನಪಾಗಿ ಮೆಟ್ಟಿಲ ಕಡೆ ಓಡಿದೆ. ನನ್ನ ಮೊಣಕಾಲಿಗೆ ಓಟ ಎನ್ನುವುದು ಮರೆತುಹೋಗಿ ವರ್ಷಗಳಾಗಿವೆ, ಆದರೂ ಓಡಿದೆ.

ಚಿತ್ರದ ಕೋಣೆಯ ಬಾಗಿಲು ತೆರೆದಿತ್ತು. ಕಟ್ಟಿಟ್ಟ ಪೆಟ್ಟಿಗೆಗಳು, ಒಂದು ಜೊತೆ ಹುಡುಗಿಯ ಚಪ್ಪಲಿ. ಗಾಳಿಗೆ ಒಂದು ಕಾಗದ ಅಲುಗಾಡುತ್ತಿತ್ತು. ಒಳಗೆ ಯಾರೂ ಇರಲಿಲ್ಲ. ಮೇಲಿನಿಂದ ಕೊಳಾಯಿ ನೀರು ಬೀಳುವ ಸದ್ದು ಬರುತ್ತಿತ್ತು.

ಬಣ್ಣದಕ್ಕ ಕುಂಚ ತೊಳೆಯಲು ಯಾವಾಗಲೂ ತಾರಸಿಗೇ ಹೋಗುತ್ತಿದ್ದಳು. ಕೆಳಗಿನ ತೊಟ್ಟಿಯಲ್ಲಿ ತೊಳೆದರೆ ಬಣ್ಣ ಕಟ್ಟಿಕೊಂಡು ನೀರು ಹೋಗುವುದಿಲ್ಲ ಎಂದು ಕಚೇರಿಯವರು ಗೊಣಗುತ್ತಿದ್ದರು. ಅಲ್ಲಿ ನೀರಿನ ಟ್ಯಾಂಕಿಗೆ ಒಂದು ಕೊಳಾಯಿ ಇದೆ, ಅದರ ಪಕ್ಕದಲ್ಲೇ ಆ ಕಟ್ಟೆ.

ತಾರಸಿ ಹತ್ತಿ ನೋಡಿದರೆ ಹುಡುಗಿ ಕೊಳಾಯಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕುಂಚ ತೊಳೆಯುತ್ತಿದ್ದಳು. ಬರಿಗಾಲು. ನೀಲಿ ನೀರು ಸಿಮೆಂಟಿನ ಮೇಲೆ ಹರಿದು ನನ್ನ ಬೂಟಿನವರೆಗೆ ಬಂದಿತ್ತು. ಹಿಂದಿನಿಂದ ನೋಡಿದರೆ ಥೇಟ್ ತಾಯಿಯೇ. ನನ್ನ ಬಾಯಿಂದ ಸತ್ತವಳ ಹೆಸರು ಬಂದೇಬಿಡುತ್ತಿತ್ತು, ನುಂಗಿಕೊಂಡೆ.

"ಚಿತ್ರ ನೋಡಿದ್ರಾ ಮಾವ?" ಎಂದಳು, ತಿರುಗದೆ.

ಅವಳು ನನ್ನ ತಂಗಿಯನ್ನು ಚಿಕ್ಕಮ್ಮ ಎನ್ನುತ್ತಾಳೆ, ಹಾಗಾಗಿ ನಾನು ಮಾವ.

"ನೋಡಿದೆ ಪುಟ್ಟ. ಕೆಳಗೆ ಬಾ, ಮಾತಾಡೋಣ."

"ಸ್ಕೇಲಣ್ಣ ಬರೆದದ್ದು ಅಂತ ನೋಡಿದ ಕೂಡಲೇ ಗೊತ್ತಾಯ್ತು. ಪಾಪ, ನನಗೋಸ್ಕರ ಬರೆದಿದಾನೆ. ಆದ್ರೆ ಅದರಲ್ಲಿ ಒಂದು ಬಿಟ್ಟುಹೋಗಿತ್ತು. ಅದಕ್ಕೇ ಸೇರಿಸಿದೆ. ಬಾಯಲ್ಲಿ ಹೇಳೋಕೆ ಆಗ್ಲಿಲ್ಲ, ಚಿಕ್ಕಮ್ಮನ ಮೇಜಿನ ಮೇಲೆ ಇಟ್ಟು ಬಂದೆ."

"ಅದು ಯಾರ ಕೈ?"

ಅವಳು ಕುಂಚ ಕೆಳಗಿಟ್ಟು, ತನ್ನ ಬಲಗೈಯನ್ನು ಗಾಳಿಯಲ್ಲಿ ಚಾಚಿದಳು. ಬೆರಳುಗಳು ಅರ್ಧ ಬಿಚ್ಚಿದ್ದವು.

"ನಂದು."

"ಆವತ್ತು ನೀನು ಹಾಸ್ಟೆಲ್‌ನಲ್ಲಿ ಇದ್ದೆ ಅಂದೆಯಲ್ಲ."

"ಅಂದೆ." ಈಗ ತಿರುಗಿದಳು. ಅತ್ತಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. "ಫೋನಲ್ಲಿ ಜಗಳ ಆಡಿದ್ದು ಸಾಲಲಿಲ್ಲ ನನಗೆ. ಬಸ್ ಹತ್ತಿ ಬಂದೆ. ಹಿಂದಿನ ಮೆಟ್ಟಿಲಿಂದ ಮೇಲೆ ಬಂದೆ, ಯಾರೂ ನೋಡ್ಲಿಲ್ಲ. ಅಮ್ಮ ಕಟ್ಟೆ ಮೇಲೆ ಕೂತು ಕುಂಚ ಒರೆಸ್ತಿದ್ಲು. ನಾನು ಕೂಗಾಡಿದೆ. ಅವಳು ನಗ್ತಿದ್ಲು. ಅವಳು ನಕ್ಕರೆ ನನಗೆ ಮೈಯೆಲ್ಲಾ ಉರಿಯೋದು."

"ಆಮೇಲೆ?"

"ನಾನು ಕೈ ಚಾಚಿದ್ದು ನೆನಪಿದೆ. ಅವಳ ತೋಳು ನನ್ನ ಬೆರಳಿಗೆ ತಾಕಿದ್ದು ನೆನಪಿದೆ. ಒದ್ದೆಯಾಗಿತ್ತು. ಆಮೇಲೆ ನೆನಪಿರೋದು ನಾನು ಬಸ್ಸಲ್ಲಿ ಕೂತಿರೋದು."

ಅವಳು ಎದ್ದು ನಿಂತಳು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವಳು ಒಂದು ಹೆಜ್ಜೆ ಹಿಂದೆ ಹೋದಳು.

"ನಿಮ್ಮನ್ನ ಕರೆದದ್ದು ಅಮ್ಮ ಹಾರಿದ್ಲಾ ಅಂತ ತಿಳ್ಕೊಳ್ಳೋಕಲ್ಲ ಮಾವ. ಹಾರಲಿಲ್ಲ ಅಂತ ನನಗೆ ಗೊತ್ತು. ನಾನು ಕೈ ಚಾಚಿದ್ದು ಅವಳು ಬೀಳೋಕೆ ಮುಂಚೆನಾ, ಬೀಳ್ತಿದ್ದಾಗಲಾ? ಅದೊಂದು ಹೇಳಿ. ಎಷ್ಟು ಯೋಚನೆ ಮಾಡಿದ್ರೂ ಗೊತ್ತಾಗ್ತಿಲ್ಲ. ಬರೆದು ನೋಡಿದೆ, ಬೆರಳನ್ನ ಎಷ್ಟು ಸಲ ತಿದ್ದಿದ್ರೂ ಗೊತ್ತಾಗ್ಲಿಲ್ಲ."

"ಹೇಳ್ತೀನಿ. ಇಲ್ಲಿ ಬಾ, ಕೂತ್ಕೊಂಡು ಹೇಳ್ತೀನಿ."

ಸುಳ್ಳು. ನನಗೂ ಗೊತ್ತಿರಲಿಲ್ಲ. ನನ್ನ ಕೆಲಸದಲ್ಲಿ ಸಾವಿರ ಸುಳ್ಳು ಹೇಳಿದ್ದೇನೆ, ಯಾವುದೂ ಇಷ್ಟು ಕಚ್ಚಾ ಇರಲಿಲ್ಲ. ಅವಳಿಗೆ ಅದು ಅರ್ಥವಾಯಿತು.

ಅವಳು ಕೈ ಹಿಂದಕ್ಕೆ ಊರಿ, ಒಂದೇ ಜಿಗಿತಕ್ಕೆ ಕಟ್ಟೆಯ ಮೇಲೆ ಕೂತಳು. ಬೆನ್ನು ಹೊರಗೆ, ಮುಖ ನನ್ನ ಕಡೆ. ಕೆಳಗೆ ಬೀದಿಯಲ್ಲಿ ಯಾವುದೋ ಗಾಡಿ ಹಾರ್ನ್ ಹಾಕಿ ಸುಮ್ಮನಾಯಿತು.

"ಅಮ್ಮ ಹೀಗೇ ಕೂತಿದ್ಲು," ಎಂದಳು. "ನೀವು ನಾನಾಗಿ ಮಾವ. ಅಲ್ಲೇ ನಿಂತು ಕೈ ಚಾಚಿ. ನೋಡೋಣ, ನಿಮ್ಮ ಕೈ ಏನು ಮಾಡುತ್ತೆ ಅಂತ."

"ಬೇಡ ಮಗಳೇ. ಇಳಿ."

"ಚಾಚಿ ಮಾವ."

ಕಾಲ ಕೆಳಗೆ ನೀಲಿ ನೀರು ಇನ್ನೂ ಹರಿಯುತ್ತಿತ್ತು. ಅವಳಿಗೂ ನನಗೂ ನಡುವೆ ಒಂದು ತೋಳಿನಷ್ಟು ದೂರ, ಅಷ್ಟೇ. ನೆಗೆದು ಹಿಡಿದರೆ ಸಿಗುತ್ತಾಳೆ. ತಪ್ಪಿ ತಾಕಿದರೆ ಹೋಗುತ್ತಾಳೆ. ಅವಳ ತಾಯಿಯ ಎದುರು ಅವಳು ನಿಂತಿದ್ದದ್ದೂ ಇಷ್ಟೇ ದೂರದಲ್ಲಿ ಇರಬೇಕು.

ನಾನು ಕೈ ಚಾಚಿದೆ.

ಅದು ತಾಕುವ ಮೊದಲೇ ಅವಳು ಹಿಂದಕ್ಕೆ ವಾಲಿದಳು.